ನಮ್ಮ ಕಾರಿನ ಬಾಯಾರಿಕೆ

ದೇವರಲ್ಲಿ ಏನು ಬೇಡಬೇಕು, ಏನು ಬೇಡಬಾರದು ಎಂಬ ತಿಳಿವಳಿಕೆ ನನಗೆ ಮೊದಲಿನಿಂದಲೂ ಕಡಿಮೆ. ಹಾಲು ಉಕ್ಕದಿರಲಿ, ಒಣಹಾಕಿದ ಹಪ್ಪಳದ ಮೇಲೆ ಮಳೆಹನಿ ಬೀಳದಿರಲಿ ಎಂದೆಲ್ಲ ಬೇಡಿಕೊಂಡವಳು ನಾನು. ಅವನೂ ಬೇಸರಿಸದೆ ನಡೆಸಿಕೊಟ್ಟಿದ್ದಾನೆ. ಹಾಗಾಗಿ ನಮ್ಮ ಕಾರು ಪೆಟ್ರೋಲು ಕಡಿಮೆ ಕುಡಿಯಲಿ ಎಂದು ಬೇಡುವಾಗ ಸಂಕೋಚವೇನೂ ಆಗಲಿಲ್ಲ.

ಕಾರೆಂದರೆ ದೊಡ್ಡದೇನಲ್ಲ. ಕುಮಟೆಯ ಡಾಕ್ಟರೊಬ್ಬರು ಹತ್ತು ವರ್ಷ ಓಡಿಸಿ ಬಿಟ್ಟದ್ದು; ನಾವಿಬ್ಬರು ಕೂತು ಹಿಂದೆ ತೆಂಗಿನಕಾಯಿಯ ಚೀಲ ಇಟ್ಟರೆ ತುಂಬಿತು. ನಮ್ಮ ಯಜಮಾನರು ವಕೀಲರು. ಭಟ್ಕಳದ ಕೋರ್ಟು ಮನೆಯಿಂದ ನಾಲ್ಕು ಹೆಜ್ಜೆ. ವಾರವೆಲ್ಲ ಅಂಗಳದಲ್ಲಿ ಬೆಕ್ಕಿಗೆ ನೆರಳಾಗಿರುವ ಕಾರು ಸೋಮವಾರ ಮಾತ್ರ ನಮ್ಮನ್ನು ಮುರ್ಡೇಶ್ವರಕ್ಕೆ ಒಯ್ಯುತ್ತಿತ್ತು. ನನಗೆ ಆ ಸೋಮವಾರವೇ ವಾರ. ಇಳಿಜಾರು ಬಂದಾಗ ಇವರು ಪೆಟ್ರೋಲು ಉಳಿಸಲು ಇಂಜಿನ್ ನಿಲ್ಲಿಸಿಬಿಡುವರು. ಆಗ ಸದ್ದೆಲ್ಲ ಆರಿ, ಕಾರು ದೋಣಿಯಂತೆ ತೇಲುವುದು. ಗದ್ದೆ, ಗಾಳಿಮರ, ಅದರಾಚೆ ಬೆಳ್ಳಗೆ ಹೊಳೆಯುವ ಸಮುದ್ರ, ಎಲ್ಲ ತಾವೇ ನಮ್ಮತ್ತ ಬಂದು ಮಾತಿಲ್ಲದೆ ದಾಟಿ ಹೋಗುವವು. ಒಲೆ, ಉಪ್ಪು, ನೆಂಟರು ಯಾವುದೂ ನೆನಪಾಗದು. ಒಮ್ಮೆ ಕಣ್ಣು ಮುಚ್ಚಿ, ಸತ್ತರೆ ಹೀಗೇ ಇರಬಹುದು, ಅಡ್ಡಿಯಿಲ್ಲ ಎಂದುಕೊಂಡೆ. ಇಳಿಜಾರು ಮುಗಿದು ಕಾರು ಕೆಮ್ಮಿದ ಮೇಲೆಯೇ ಬದುಕಿದ್ದೇನೆಂದು ತಿಳಿದದ್ದು.

ಇಷ್ಟು ಮಾಡಿದರೂ ಪೆಟ್ರೋಲು ಉಳಿಯಲಿಲ್ಲ. ಇವರು ಗಾಲಿಗೆ ಗಾಳಿ ತುಂಬಿಸಿದರು, ಪ್ಲಗ್ ಉಜ್ಜಿದರು, ಭಾರವೆಂದು ನಾನು ದೇವರಿಗೆ ಒಯ್ಯುವ ಕಾಯಿಗಳನ್ನು ಐದರಿಂದ ಎರಡಕ್ಕೆ ಇಳಿಸಿದರು. ಕೊನೆಗೊಂದು ದಿನ ಊಟದ ನಡುವೆ, "ಇನ್ನೆರಡು ಸೋಮವಾರ ನೋಡ್ತೆ. ಆಮೇಲೆ ಮಾರೂದೇ. ಆತಾ?" ಎಂದರು. ಬಡಿಸುತ್ತಿದ್ದ ಸಾರು ನನ್ನ ಕೈಮೇಲೆ ಬಿತ್ತು.

ಕಾರಿನೊಳಗೆ ನಮ್ಮೆದುರಿಗೆ ಈಶ್ವರನ ಪುಟ್ಟ ಪಟವಿತ್ತು. ಕಾರು ಹೊರಟ ಕೂಡಲೇ ಅದಕ್ಕೆ ಮಲ್ಲಿಗೆ ಮಾಲೆ ಹಾಕುವುದು ನನ್ನ ಪದ್ಧತಿ. ಮಾಲೆ ಜಾರದಂತೆ ಅದರ ಬಾಳೆನಾರನ್ನು ಕೆಳಗಿನ ಒಂದು ಗುಂಡಿಗೆ ಸುತ್ತುತ್ತಿದ್ದೆ. ಗುಂಡಿಯನ್ನು ಸ್ವಲ್ಪ ಎಳೆದರೆ ನಾರು ಚೆನ್ನಾಗಿ ಕೂರುತ್ತಿತ್ತು. ಹೂವಿನಡಿ ಅದು ಇವರಿಗೂ ಕಾಣದು. ಮಾರುವ ಮಾತು ಬಂದ ಮೇಲೆ ನನ್ನ ಭಕ್ತಿ ಹೆಚ್ಚಿತು. ಒಂದು ಮೊಳದ ಮಾಲೆ ಮೂರು ಮೊಳವಾಯಿತು, ಗುಂಡಿ ಇನ್ನಷ್ಟು ಹೊರಗೆ ಬಂತು. ಬಾಯಾರಿಕೆ ತಗ್ಗಿದರೆ ಹತ್ತು ಮೊಳದ ಮಾಲೆಯನ್ನು ಕಾರಿಗೇ ಹಾಕುತ್ತೇನೆಂದು ಇವರೆದುರಿಗೇ ಹರಕೆ ಹೊತ್ತೆ. ಕಾರು ಕಪ್ಪು ಹೊಗೆ ಬಿಡತೊಡಗಿತು.

ಎರಡನೆಯ ಸೋಮವಾರ ಅರ್ಧದಾರಿಯಿಂದಲೇ ತಿರುಗಿಸಿ ಇಸ್ಮಾಯಿಲ್ ಮೇಸ್ತ್ರಿಯ ಶೆಡ್ಡಿಗೆ ತಂದರು. ಇವರು ಹಿಂದೆ ನಿಂತು ಹೊಗೆ ನೋಡುತ್ತಿದ್ದಾಗ ಮೇಸ್ತ್ರಿ ಒಳಗೆ ಬಗ್ಗಿದರು. ಕೈಯನ್ನು ಬಟ್ಟೆಗೆ ಚೆನ್ನಾಗಿ ಒರೆಸಿಕೊಂಡು, ಎರಡೇ ಬೆರಳಲ್ಲಿ ಮಾಲೆ ಬಿಡಿಸಿ ನನ್ನ ಕೈಗಿತ್ತರು.

"ಅಮ್ಮಾ, ಇದು ಕೊಕ್ಕೆ ಅಲ್ಲ, ಚೋಕು. ತಂಪಾದ ಇಂಜಿನ್ ಎಬ್ಸೂಕೆ ಮಾತ್ರ ಎಳೆಯೂದು. ಎಳೆದೇ ಇಟ್ರೆ ಪೆಟ್ರೋಲು ಸುಮ್ನೆ ಕುಡೀತಾ ಇರ್ತದೆ" ಎಂದು ತಗ್ಗಿದ ದನಿಯಲ್ಲಿ ಹೇಳಿ ಗುಂಡಿ ಒತ್ತಿದರು. ಇವರು ಬಂದು ಎಂತ ಆಗಿತ್ತು ಎಂದು ಕೇಳಿದಾಗ, "ಒಂದು ಸಣ್ಣ ಅಡ್ಡಿ ಇತ್ತು ವಕೀಲರೇ, ತೆಗ್ದೆ" ಎಂದರಷ್ಟೆ. ಆ ಪುಣ್ಯಾತ್ಮನ ಮನೆ ತಣ್ಣಗಿರಲಿ.

ಬಾಯಾರಿಕೆ ತಗ್ಗಿ ಕಾರು ಉಳಿಯಿತು. ಅದು ಇಳಿಜಾರಿನಲ್ಲಿ ತಾವು ಇಂಜಿನ್ ನಿಲ್ಲಿಸಿದ ಫಲವೆಂದು ಇವರು ಕೋರ್ಟಿನಲ್ಲೆಲ್ಲ ಹೇಳಿಕೊಂಡರು. ನಾನೂ ಹೌದೆಂದು ತಲೆಯಾಡಿಸಿದೆ. ಹರಕೆಯ ಹತ್ತು ಮೊಳದ ಮಾಲೆಯನ್ನು ಮಾತ್ರ, ಮತ್ತೆ ಯಾವ ಗುಂಡಿಗೆ ಸಿಕ್ಕೀತೋ ಎಂದು ಹೆದರಿ, ಕಾರಿನಲ್ಲಿ ಕೂತು ನನ್ನ ತುರುಬಿಗೇ ಸುತ್ತಿಕೊಂಡೆ.

"ಕಾರಿಗೆ ಹಾಕ್ತೆ ಅಂದಿದ್ಯಲೆ?" ಎಂದರು ಇವರು.

"ಕಾರಿನ ಒಳಗೇ ಇದೆಯಲ್ಲ" ಎಂದೆ.

ಇಳಿಜಾರು ಬಂತು, ಸದ್ದು ಆರಿತು. ಮಲ್ಲಿಗೆಯ ಪರಿಮಳದಲ್ಲಿ ತೇಲುತ್ತ, ಇಷ್ಟು ಸೋಮವಾರ ನನ್ನ ಬೇಡಿಕೆ ನಡೆಸಿಕೊಡಲು ದೇವರು ಬೇರೇನೂ ಮಾಡಬೇಕಾಗಿರಲಿಲ್ಲ, ನನ್ನ ಕೈ ಹಿಡಿದರೆ ಸಾಕಿತ್ತು ಎಂದುಕೊಂಡೆ.