ಭಂಡಾರಿಯವರ ಜೊತೆ ಕೊನೆಯ ಟ್ರೇಡ್

ತನ್ನ ಸಣ್ಣತನವನ್ನು ತಾನೇ ಒಪ್ಪಿಕೊಳ್ಳುವುದಕ್ಕೂ ಒಂದು ವಯಸ್ಸಾಗಬೇಕು. ನನಗೀಗ ಐವತ್ತೆರಡು ತುಂಬಿದೆ, ಹೇಳಿಬಿಡುತ್ತೇನೆ. ಹೋದ ಆಗಸ್ಟ್ ತಿಂಗಳಲ್ಲಿ ನಾನು ಸತ್ತವರೊಬ್ಬರನ್ನು ಯಾಮಾರಿಸಲು ಹೋಗಿದ್ದೆ. ಅವರ ಮನೆ, ಆಸ್ತಿ, ಒಡವೆ ಯಾವುದರ ಮೇಲೂ ನನಗೆ ಕಣ್ಣಿರಲಿಲ್ಲ, ದೇವರಾಣೆ. ನನಗೆ ಬೇಕಾಗಿದ್ದದ್ದು ಅವರ ಹತ್ತಿರವಿದ್ದ ಒಬ್ಬ ಕೆಂಪು ಕೂದಲಿನ ಫುಟ್‌ಬಾಲ್ ಆಟಗಾರ ಮಾತ್ರ. ಇಷ್ಟು ಹೇಳಿದರೆ ನೀವು ನನ್ನ ತಲೆ ಕೆಟ್ಟಿದೆ ಅಂದುಕೊಳ್ಳುತ್ತೀರಿ. ಆದ್ದರಿಂದ ಮೊದಲಿನಿಂದ ಹೇಳುವುದೇ ವಾಸಿ.

ಸಿಂಗಾಪುರದ ಜುರಾಂಗ್ ಐಲ್ಯಾಂಡಿನಲ್ಲಿರುವ ನಮ್ಮ ಪ್ಲಾಂಟಿನ ಮ್ಯಾನೇಜರ್ ಆಸ್ಟ್ರೇಲಿಯಾದವರು. ಅವರ ದೇಶದ ಫುಟ್‌ಬಾಲೇ ಬೇರೆ. ಮೈದಾನವೂ ಮೊಟ್ಟೆಯಾಕಾರ, ಚೆಂಡೂ ಮೊಟ್ಟೆಯಾಕಾರ. ಒಂದೊಂದು ಕಡೆಗೆ ಹದಿನೆಂಟು ಜನ ದಾಂಡಿಗರು ತೊಡೆಯ ಬುಡಕ್ಕೇ ಮುಗಿದುಹೋಗುವ ಚಡ್ಡಿ ಹಾಕಿಕೊಂಡು ಒಬ್ಬರ ಹೆಗಲ ಮೇಲೊಬ್ಬರು ಹತ್ತಿ ಚೆಂಡು ಹಿಡಿಯುತ್ತಾರೆ. ಈ ಆಟದ ಮೇಲೆ ಅವರು ಆಫೀಸಿನಲ್ಲಿ ಒಂದು ಫೋನ್ ಲೀಗ್ ಶುರುಮಾಡಿದರು. ನಾವು ಹನ್ನೊಂದು ಜನ. ಪ್ರತಿಯೊಬ್ಬರೂ ನಿಜವಾದ ಆಟಗಾರರ ಒಂದೊಂದು ಪಟ್ಟಿ ಇಟ್ಟುಕೊಳ್ಳಬೇಕು. ಶನಿವಾರ ಅವರು ಅಲ್ಲಿ ಚೆನ್ನಾಗಿ ಆಡಿದರೆ ಇಲ್ಲಿ ನಮಗೆ ಅಂಕ. ಒಂದೇ ಒಂದು ಕಟ್ಟಳೆ, ಸ್ಯಾಲರಿ ಕ್ಯಾಪ್. ಪಟ್ಟಿಯಲ್ಲಿರುವವರ ಸಂಬಳವೆಲ್ಲ ಸೇರಿ ಗೊತ್ತುಮಾಡಿದ ಮಿತಿಯನ್ನು ದಾಟುವ ಹಾಗಿಲ್ಲ. ಒಳ್ಳೊಳ್ಳೆಯವರನ್ನೆಲ್ಲ ಬಾಚಿಕೊಳ್ಳುವ ಆಸೆಗೆ ಅಲ್ಲೇ ಕತ್ತರಿ ಬೀಳುತ್ತದೆ. ಇದನ್ನು ನನಗೆ ಅರ್ಥಮಾಡಿಸಿದವರು ಬಸ್ಸಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಉಡುಪಿಯ ಭಂಡಾರಿಯವರು. "ಮನೆಗೆ ಹತ್ತು ಜನ ಊಟಕ್ಕೆ ಬಂದ್ರೆ ಹತ್ತು ಜನಕ್ಕೂ ಅಂಜಲ್ ಮೀನು ಹಾಕ್ಲಿಕ್ಕೆ ಆಗ್ತದಾ ಮಾರಾಯ್ರೇ? ಒಂದು ಅಂಜಲ್ ತರುದು, ಉಳಿದದ್ದು ಕಡಿಮೆ ರೇಟಿನ ಬೂತಾಯಿ. ಆದ್ರೆ ಬೂತಾಯಿ ಆರಿಸ್ಲಿಕ್ಕೆ ಗೊತ್ತಿರ್ಬೇಕು," ಎಂದಿದ್ದರು. ಮೀನಿನ ವಾಸನೆಗೇ ಮೂಗು ಮುಚ್ಚಿಕೊಳ್ಳುವ ಮೈಸೂರಿನ ನನಗೂ ವಿಷಯ ತಿಳಿಯಿತು.

ತಿಳಿದರೇನು ಬಂತು? ನಾನು ಅಂಜಲ್ಲಿಗೇ ಹೋದೆ. ಒಬ್ಬ ಹಳೇ ಹುಲಿಗೆ ನನ್ನ ಕ್ಯಾಪಿನ ಕಾಲುಭಾಗಕ್ಕಿಂತ ಹೆಚ್ಚು ಸುರಿದೆ. ಜುಲೈಯಲ್ಲಿ ಹುಲಿಯ ಮಂಡಿ ಕೈಕೊಟ್ಟಿತು. ಆ ವರ್ಷ ಅವನು ಮತ್ತೆ ಮೈದಾನಕ್ಕಿಳಿಯುವುದಿಲ್ಲ, ಆದರೆ ಅವನ ಸಂಬಳ ಮಾತ್ರ ನನ್ನ ಕ್ಯಾಪಿನಲ್ಲಿ ಕಾಲು ಚಾಚಿಕೊಂಡು ಮಲಗಿತು. ನಾನು ಹನ್ನೊಂದನೆಯ ಸ್ಥಾನಕ್ಕೆ ಇಳಿದೆ. ಕೊನೆಗೆ ಬಂದವನು ವಾರ್ಷಿಕ ಡಿನ್ನರಿನಲ್ಲಿ ಆ ಮೋಟು ಚಡ್ಡಿ ತೊಟ್ಟು, ವೇದಿಕೆ ಹತ್ತಿ ಹಾಡಬೇಕೆಂದು ಮ್ಯಾನೇಜರ್ ಮೊದಲೇ ಸಾರಿದ್ದರು. ನನ್ನ ಕಾಲುಗಳನ್ನು ಇಪ್ಪತ್ತೈದು ವರ್ಷ ನೋಡಿದ ಅನುಭವದ ಮೇಲೆ ನನ್ನ ಹೆಂಡತಿ ಶೈಲಾ, "ಆ ಡಿನ್ನರ್‌ಗೆ ನಾನಂತೂ ಬರಲ್ಲ ಕಣ್ರೀ," ಎಂದುಬಿಟ್ಟಳು.

ಭಂಡಾರಿಯವರು ಆ ಹೊತ್ತಿಗೆ ಇರಲಿಲ್ಲ. ಎರಡು ತಿಂಗಳು ಆಸ್ಪತ್ರೆಯಲ್ಲಿದ್ದು ಮೇ ತಿಂಗಳಲ್ಲಿ ತೀರಿಕೊಂಡರು. ಅವತ್ತು ನಾನು ಮಕ್ಕಳ ಹಾಗೆ ಅತ್ತೆ, ಅದು ಸುಳ್ಳಲ್ಲ. ಅವರ ಹೆಂಡತಿ ವಾರಿಜಕ್ಕನಿಗೆ, "ಏನೇ ಬೇಕಾದ್ರೂ ಒಂದು ಫೋನ್ ಮಾಡಿ ಅಕ್ಕ," ಎಂದೆ. ಅದೂ ಸುಳ್ಳಲ್ಲ. ಆಮೇಲೆ ಅವರ ಮನೆಯಿದ್ದ ಯಿಶುನ್ ಕಡೆಗೆ ತಲೆ ಹಾಕಲಿಲ್ಲ. ನಾಳೆ ಹೋದರಾಯಿತು, ಬರುವ ವಾರ ಹೋದರಾಯಿತು ಎನ್ನುತ್ತಲೇ ಮೂರು ತಿಂಗಳು ಕಳೆಯಿತು. ಫೋನಿನ ಲೀಗಿನಲ್ಲಿ ಮಾತ್ರ ಅವರ ಪಟ್ಟಿ ಹಾಗೇ ಇತ್ತು. ನೋಡಿಕೊಳ್ಳುವವರಿಲ್ಲದಿದ್ದರೂ ಮೂರನೆಯ ಸ್ಥಾನದಲ್ಲಿತ್ತು. ಗಾಯಗೊಂಡವರ ಜಾಗಕ್ಕೆ ಸರಿಯಾದವರು ಬಂದು ಕೂರುತ್ತಿದ್ದರು. ಅದನ್ನೆಲ್ಲ ಫೋನೇ ಮಾಡಿಕೊಳ್ಳುತ್ತದೆ ಅಂದುಕೊಂಡಿದ್ದೆ. ಲೀಗಿನ ಕಾರ್ಯದರ್ಶಿ ನಾನೇ ಆದ್ದರಿಂದ ಮ್ಯಾನೇಜರ್ ಕರೆದು, ತಿಂಗಳ ಕೊನೆಗೆ ಆ ಪಟ್ಟಿ ಮುಚ್ಚಿ ಆಟಗಾರರನ್ನು ಎಲ್ಲರಿಗೂ ಹಂಚಿಬಿಡು ಎಂದರು. ಲೀಗಿನ ಪುಟದಲ್ಲಿ ಹಾಗೆಂದು ನೋಟೀಸನ್ನೂ ಹಾಕಿದೆ.

ಆ ಪಟ್ಟಿಯಲ್ಲಿ ಕೆಂಚ ಇದ್ದ, ಅದೇ ಕೆಂಪು ಕೂದಲಿನವನು. ಹೆಸರಿಟ್ಟದ್ದು ಭಂಡಾರಿಯವರು. ಅವನು ಯಾರೆಂದೇ ಯಾರಿಗೂ ತಿಳಿಯದಿದ್ದ ಕಾಲದಲ್ಲಿ ಬೂತಾಯಿ ಬೆಲೆಗೆ ಹಿಡಿದುಹಾಕಿದ್ದರು. ಈಗ ಅವನೇ ಇಡೀ ಲೀಗಿನಲ್ಲಿ ದೊಡ್ಡ ಅಂಜಲ್, ಸಂಬಳ ಮಾತ್ರ ಹಳೆಯದೇ. ಹಂಚಿಕೆಯಾದರೆ ಅವನು ಯಾರ ಪಾಲಿಗೋ! ಅದಕ್ಕೂ ಮೊದಲೇ ನಾನೊಂದು ಟ್ರೇಡ್ ಆಫರ್ ಕಳಿಸಿದರೆ? ನಮ್ಮವರು ಆಫರುಗಳಿಗೆ ಉತ್ತರವನ್ನೇ ಕೊಡುವುದಿಲ್ಲವೆಂದು, ಮೂರು ದಿನ ಉತ್ತರ ಬರದಿದ್ದರೆ ಒಪ್ಪಿಗೆಯೆಂದೇ ಲೆಕ್ಕ ಎಂಬ ನಿಯಮವನ್ನು ನಾನೇ ಮಾಡಿದ್ದೆ. ಮೌನಂ ಸಮ್ಮತಿ ಲಕ್ಷಣಂ. ಸತ್ತವರಿಗಿಂತ ಮೌನಿಗಳು ಯಾರಿದ್ದಾರೆ? ಬೂತಾಯಿಗಳೇ ತುಂಬಿದ್ದ ಅವರ ಕ್ಯಾಪಿನಲ್ಲಿ ಹುಲಿಗೆ ಜಾಗವೂ ಇತ್ತು. ಸೋಮವಾರ ಸಂಜೆ ಕೆಂಚನನ್ನು ಕೊಡಿ, ನನ್ನ ಹಳೇ ಹುಲಿಯನ್ನು ತೆಗೆದುಕೊಳ್ಳಿ ಎಂದು ಒತ್ತಿಯೇಬಿಟ್ಟೆ.

ಅದು ಇಲ್ಲಿಯ ಚೀನೀಯರ ಏಳನೆಯ ತಿಂಗಳು. ಸತ್ತವರು ನೆಂಟರ ಹಾಗೆ ಊರಿಗೆ ಬಂದುಹೋಗುವ ಕಾಲ. ನಮ್ಮ ಬ್ಲಾಕಿನ ಬುಡದಲ್ಲಿ ಗೋಡೆಗಳಿಲ್ಲದ ವಾಯ್ಡ್ ಡೆಕ್ಕಿನಾಚೆ ಹುಲ್ಲಿನ ಮೇಲೆ ಕಿತ್ತಳೆ, ಅನ್ನ, ಊದುಕಡ್ಡಿ. ಐದನೆಯ ಮಹಡಿಯ ಅಂಕಲ್ ಒಂದು ಡಬ್ಬಿಯಲ್ಲಿ ಬೆಂಕಿ ಮಾಡಿ, ತೀರಿಹೋದ ಅಣ್ಣನಿಗಾಗಿ ಕಾಗದದ ಮೊಬೈಲ್ ಫೋನ್ ಸುಡುತ್ತಿದ್ದರು, ಸುಟ್ಟದ್ದು ಅವರಿಗೆ ತಲುಪುತ್ತದಂತೆ. ಜೊತೆಗೆ ಕಾಗದದ್ದೇ ಚಾರ್ಜರ್. ನನಗೆ ನಗು ಬಂತು. ಬೂದಿ ಹಾರಿ ಬಂದು ನನ್ನ ಅಂಗಿಯ ತೋಳಿನ ಮೇಲೆ ಕೂತಿತು, ಕೊಡವಿಕೊಂಡು ಲಿಫ್ಟ್ ಹತ್ತಿದೆ.

ಬುಧವಾರ ಬೆಳಿಗ್ಗೆ ಕಂಪನಿ ಬಸ್ಸು ಐಲ್ಯಾಂಡಿನ ಸೇತುವೆ ಏರುತ್ತಿತ್ತು. ಪಕ್ಕದ ಕಿಟಕಿ ಸೀಟು ಖಾಲಿ. ಭಂಡಾರಿಯವರು ಹೋದಮೇಲೆ ಅಲ್ಲಿ ಯಾರೂ ಕೂರುವುದಿಲ್ಲ, ಯಾರೂ ಹಾಗೆಂದು ಹೇಳಿದ್ದೂ ಇಲ್ಲ. ದೂರದಲ್ಲಿ ರಿಫೈನರಿಯ ಬೆಂಕಿ ಉರಿಯುತ್ತಿತ್ತು. ಜೇಬಿನಲ್ಲಿ ಫೋನ್ ನಡುಗಿತು. ತೆಗೆದು ನೋಡಿದರೆ ಭಂಡಾರಿಯವರ ಹೆಸರು, ಅವರದೇ ನಗುಮುಖದ ಫೋಟೋ. ಆಫರ್ ತಿರಸ್ಕೃತವಾಗಿದೆ. ಕೆಳಗೆ ಒಂದು ಸಾಲು: "ನಿಮ್ಮ ಹುಲಿಯ ಮಂಡಿ ಹೇಗುಂಟು ಮಾರಾಯ್ರೇ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನ ಹಾಗೆ ಸುತ್ತ ಕಣ್ಣಾಡಿಸಿದೆ. ಎಲ್ಲರೂ ಬಾಯಿ ತೆರೆದುಕೊಂಡು ನಿದ್ದೆ ಹೊಡೆಯುತ್ತಿದ್ದರು. ಖಾಲಿ ಸೀಟಿನ ಕಡೆ ನೋಡುವ ಧೈರ್ಯವಾಗಲಿಲ್ಲ. ಆದರೂ ಬಾಯಿ ತಾನಾಗಿಯೇ "ಸಾರಿ ಸಾರ್," ಎಂದಿತು. ಕಾಗದದ ಫೋನಿಗೆ ಅಲ್ಲಿ ಸಿಗ್ನಲ್ ಸಿಕ್ಕಿರಬೇಕು ಎಂದು ನನಗೆ ನಾನೇ ಒಂದು ಜೋಕು ಮಾಡಿಕೊಂಡೆ. ನಗು ಬರಲಿಲ್ಲ.

ಸಂಜೆ ಶೈಲಾಗೆ ತೋರಿಸಿ, "ಯಾವನೋ ಹ್ಯಾಕರ್ ಕಣೇ," ಎಂದೆ. "ಹ್ಯಾಕರ್‌ಗೆ ನಿಮ್ಮ ಹುಲಿ ಮಂಡಿ ಕಟ್ಕೊಂಡು ಏನ್ರೀ ಆಗ್ಬೇಕು?" ಎಂದಳು. ಪರೀಕ್ಷೆ ಮಾಡೋಣವೆಂದು ಹುಲಿಯ ಜೊತೆಗೆ ಇನ್ನೊಬ್ಬನನ್ನು ಸೇರಿಸಿ ಎರಡನೆಯ ಆಫರ್ ಕಳಿಸಿದೆ. ಅಡುಗೆಮನೆಯಲ್ಲಿ ಕುಕ್ಕರ್ ಎರಡು ಸಲ ಕೂಗುವುದರೊಳಗೆ ಉತ್ತರ ಬಂತು. "ಅದು ಬೇಡ. ಪಟ್ಟಿಯ ಅಡಿಯಲ್ಲಿ ಅಡಗಿಸಿಟ್ಟಿದ್ದೀರಲ್ಲ, ಆ ಒಂದು ಜನವನ್ನು ಕೊಡ್ತೀರಾ?" ಮುಂದಿನ ವರ್ಷ ಮಿಂಚಬಹುದೆಂದು ಬಿಡಿಗಾಸಿನ ಸಂಬಳಕ್ಕೆ ಒಬ್ಬ ಅನಾಮಧೇಯನನ್ನು ನಾನು ಬಚ್ಚಿಟ್ಟಿದ್ದೆ. ಅವನ ಮೇಲೆ ನನಗಿದ್ದ ಆಸೆ ಈ ಲೋಕದಲ್ಲಿ ಒಬ್ಬರಿಗೆ ಮಾತ್ರ ಗೊತ್ತಿತ್ತು. ಸಾಲುಸಾಲು ತಿಂಡಿ ಅಂಗಡಿಗಳ ಹಾಕರ್ ಸೆಂಟರಿನಲ್ಲಿ ಚಹಾ ಕುಡಿಯುತ್ತ, ಯಾರಿಗೂ ಹೇಳಬೇಡಿ ಎಂದು ಆಣೆ ಹಾಕಿಸಿ ಹೇಳಿದ್ದೆ. ಆ ಒಬ್ಬರನ್ನು ಮೇ ತಿಂಗಳಲ್ಲಿ ನಾವೇ ಹೊತ್ತುಕೊಂಡು ಹೋಗಿದ್ದೆವು.

ಶೈಲಾ ಒಲೆ ಆರಿಸಿ ಬಂದು ನನ್ನನ್ನೇ ದಿಟ್ಟಿಸಿದಳು. "ಸತ್ತೋರ ಹತ್ರ ವ್ಯಾಪಾರಕ್ಕೆ ಹೋಗಿದ್ದೀರಲ್ಲಾ, ನಾಚ್ಕೆ ಆಗಲ್ವೇನ್ರೀ ನಿಮಗೆ? ವಾರಿಜಕ್ಕನ್ನ ನೋಡ್ಕೊಂಡ್ ಬನ್ನಿ ಅಂತ ನಾನು ಎಷ್ಟು ಸಲ ಬಡ್ಕೊಂಡೆ! ನಾಳೆ ಸಾಯಂಕಾಲ ಹೋಗಿ, ಅವರ ಫೋಟೋಗೆ ಕೈಮುಗಿದು ತಪ್ಪಾಯ್ತು ಅಂದು ಬನ್ನಿ."

ಯಿಶುನ್‌ನ ಆ ಬ್ಲಾಕಿನ ಕಾರಿಡಾರಿನ ತುಂಬ ಊದುಕಡ್ಡಿಯ ಹೊಗೆ. ನಾನು ಗಂಟೆ ಒತ್ತುವ ಮೊದಲೇ ಬಾಗಿಲು ತೆರೆಯಿತು. ವಾರಿಜಕ್ಕ ಕನ್ನಡಕ ಹಾಕಿಕೊಂಡು ನಿಂತಿದ್ದರು. "ಬನ್ನಿ ಮೂರ್ತಿಯವರೇ. ನಿನ್ನೆಯೇ ಬರ್ತೀರಿ ಅಂತ ಇದ್ದೆ. ಚಾಕ್ಕೆ ಇಟ್ಟಿದ್ದೇನೆ," ಎಂದರು. ಟೀವಿಯಲ್ಲಿ ಹಳೆಯ ಮ್ಯಾಚು ಓಡುತ್ತಿತ್ತು. ಕೆಂಚ ಎಲ್ಲರ ತಲೆಯ ಮೇಲಿಂದ ಎಗರಿ ಚೆಂಡು ಹಿಡಿದ. "ಅಕ್ಕ, ಆ ಉತ್ತರ... ನೀವಾ?" ಎಂದೆ.

"ನಾನು ಬರೀ ಟೈಪ್ ಮಾಡಿದ್ದು. ಹೇಳಿದ್ದು ಅವರು," ಎಂದು ಒಂದು ನೋಟ್‌ಬುಕ್ ತಂದು ಬಿಡಿಸಿಟ್ಟರು. ಆಸ್ಪತ್ರೆಯಲ್ಲಿ ಮಲಗಿಕೊಂಡೇ ಬರೆದದ್ದಂತೆ. ಭಂಡಾರಿಯವರ ಮುದ್ದಾದ ಅಕ್ಷರ. ಯಾರು ಗಾಯಗೊಂಡರೆ ಯಾರನ್ನು ತರಬೇಕು, ಯಾರು ಆಫರ್ ಕಳಿಸಿದರೆ ಏನು ಹೇಳಬೇಕು, ಎಲ್ಲ ಇತ್ತು. ನನಗೆ ಒಂದು ಪೂರ್ತಿ ಪುಟ. 'ಮೂರ್ತಿ ಮೂರು ತಿಂಗಳು ಬರುವುದಿಲ್ಲ. ಆಮೇಲೆ ಕೆಂಚನಿಗೆ ಆಸೆಪಟ್ಟು ಹುಲಿಯನ್ನು ನಿನ್ನ ತಲೆಗೆ ಕಟ್ಟಲು ನೋಡುತ್ತಾರೆ. ಮಂಡಿ ಹೇಗುಂಟು ಕೇಳು. ಮತ್ತೂ ಬಿಡದಿದ್ದರೆ ಅಡಗಿಸಿಟ್ಟವನನ್ನು ಕೇಳು. ಹೆದರಿ ಮನೆಗೆ ಬರುತ್ತಾರೆ. ಚಾ ಕೊಡು.' ಮೇಲೆ ತಾರೀಕು ನೋಡಿದೆ, ಏಪ್ರಿಲ್. ನನ್ನ ಹುಲಿ ಆಗ ಜಿಂಕೆಯ ಹಾಗೆ ಓಡುತ್ತಿದ್ದ. ಮಂಡಿ ಹೋದದ್ದು ಜುಲೈಯಲ್ಲಿ. "ಓಡುದು ನೋಡಿಯೇ ಹೇಳಿದ್ರು, ಇವನದ್ದು ಆಯ್ತು ಅಂತ," ಎಂದರು ವಾರಿಜಕ್ಕ.

ಚಹಾ ಕೊಟ್ಟು ಅವರು ಎದುರಿಗೆ ಕೂತರು. "ಪಟ್ಟಿ ಮುಚ್ತೀರಂತೆ? ನೋಟೀಸ್ ನೋಡಿದೆ. ನೋಡಿ, ನನಗೆ ಈ ಆಟ ಎಂತದೂ ಗೊತ್ತಿರ್ಲಿಲ್ಲ. ಈಗ ಶನಿವಾರ ಆದ್ರೆ ಅವರು ಬರೆದದ್ದು ಓದುದು, ಆಟ ನೋಡುದು. ಮನೆಯಲ್ಲಿ ಒಬ್ರು ಮಾತಾಡಿದ ಹಾಗೆ ಆಗ್ತದೆ. ಅದೊಂದು ತೆಗಿಬೇಡಿ." ಅವರು ಅಳಲಿಲ್ಲ. ಅಲ್ಲೇ ಮ್ಯಾನೇಜರಿಗೆ ಫೋನ್ ಹಚ್ಚಿದೆ. ಅವರು ಆಗಲಿ ಎಂದರು. ಪಟ್ಟಿಯನ್ನು ವಾರಿಜಕ್ಕನ ಹೆಸರಿಗೆ ಮಾಡಿಕೊಟ್ಟೆ.

ಅವರು ಸಕ್ಕರೆ ತರಲು ಒಳಗೆ ಹೋದಾಗ ಕೈ ಸುಮ್ಮನಿರದೆ ನೋಟ್‌ಬುಕ್ಕಿನ ಕೊನೆಯ ಹಾಳೆ ತಿರುವಿದೆ. ಅಲ್ಲಿಯೂ ಒಂದು ಪಟ್ಟಿ. ಆಟಗಾರರದ್ದಲ್ಲ, ನಮ್ಮದು. 'ವಾರಿಜಾ, ಇನ್ನು ನಿನ್ನ ಕ್ಯಾಪ್ ಸಣ್ಣದು. ಎಲ್ಲರನ್ನೂ ಇಟ್ಟುಕೊಳ್ಳಲಿಕ್ಕೆ ಆಗುವುದಿಲ್ಲ,' ಎಂದು ಶುರು. ಮ್ಯಾನೇಜರ್: ದುಬಾರಿ, ಬಿಡು. ನನ್ನ ತಮ್ಮ: ಬರುವುದಕ್ಕಿಂತ ಕರೆಸಿಕೊಳ್ಳುವುದೇ ಹೆಚ್ಚು, ಬಿಡು. ಹೀಗೆ ಒಬ್ಬೊಬ್ಬರನ್ನೇ ಬಿಡುತ್ತ ಬಂದು, ತಳದಲ್ಲಿ: ಮೂರ್ತಿ, ಬೆಲೆ ಕಡಿಮೆ, ಇಟ್ಟುಕೋ.

ವಾರಿಜಕ್ಕ ಬಂದು ಪುಸ್ತಕ ಮಡಚಿದರು. ನೋಡಿದ್ದು ಅವರಿಗೆ ಗೊತ್ತಾಯಿತು. "ಬರುವ ಆದಿತ್ಯವಾರ ಪುರುಸೊತ್ತುಂಟಾ? ರೂಮಿನ ಫ್ಯಾನ್ ಶಬ್ದ ಮಾಡ್ತದೆ, ಬಿಚ್ಚಿ ನೋಡ್ಬೇಕು. ಹಾಗೇ ಒಂದು ಮೂಟೆ ಅಕ್ಕಿ ತಂದಿಡ್ಬೇಕು," ಎಂದರು. "ಓಹೋ, ಅದಕ್ಕೇನಂತೆ," ಎಂದೆ. ಲಿಫ್ಟಿನಲ್ಲಿ ಒಂಬತ್ತು ಮಹಡಿ ಇಳಿದು ಕೆಳಗೆ ಬಂದಮೇಲೆ ನೆನಪಾಯಿತು, ಕೆಂಚನ ಮಾತನ್ನೇ ನಾನು ಎತ್ತಿರಲಿಲ್ಲ. ಡಿನ್ನರಿನ ಮೋಟು ಚಡ್ಡಿಯೂ ಖಾತ್ರಿಯಾಯಿತು, ಭಾನುವಾರಗಳೂ ಹೋದವು. ಬದುಕಿದ್ದಾಗಲೂ ಭಂಡಾರಿಯವರು ನನ್ನನ್ನು ಇಷ್ಟು ಅಗ್ಗಕ್ಕೆ ಹೊಡೆದುಕೊಂಡಿರಲಿಲ್ಲ.