ಬಂದ ದಿನ ಲೆಕ್ಕಕ್ಕಿಲ್ಲ!

"ಓದೋಕೆ ಬರೆಯೋಕೆ ಬರೋನಿಗೆ ಟ್ರಾವೆಲ್ ಏಜೆಂಟ್ ಯಾಕೆ? ಪ್ರಪಂಚದ ಯಾವ ನಿಯಮ ಬೇಕಾದ್ರೂ ತಂದು ನನ್ನ ಮುಂದೆ ಇಡು, ಅರೆದು ಕುಡಿದುಬಿಡ್ತೀನಿ!" ಎಂದು ರೂಲ್ಸ್ ರಾಯರು ಘರ್ಜಿಸಿದಾಗ ಅವರ ಹೆಂಡತಿ ಸೂಟ್‌ಕೇಸಿನ ಜಿಪ್ಪಿನೊಂದಿಗೆ ಗುದ್ದಾಡುತ್ತಿದ್ದರು.

ರಾಯರ ನಿಜವಾದ ಹೆಸರು ಅವರ ಲೈಬ್ರರಿಯಲ್ಲಿ ಯಾರಿಗೂ ನೆನಪಿರಲಿಲ್ಲ. ಪುಸ್ತಕ ಕೊಡುವ ಕೌಂಟರಿನಲ್ಲಿ ಇಪ್ಪತ್ತೊಂಬತ್ತು ವರ್ಷ ಕೂತು, ಒಂದೇ ಒಂದು ದಿನ ತಡ ಮಾಡಿದ ಪ್ರೊಫೆಸರಿಗೂ ಸ್ವಂತ ಮಾವನಿಗೂ ಭೇದವೆಣಿಸದೆ ದಂಡ ಜಡಿದ ಮಹಾನುಭಾವರು ಅವರು. ಆದರೆ ಅನ್ಯಾಯ ಮಾಡಿದವರಲ್ಲ. ಪುಸ್ತಕ ಕೊಟ್ಟ ದಿನವನ್ನು ಲೆಕ್ಕಕ್ಕೆ ಹಿಡಿಯಬಾರದು, ಮಾರನೆಯ ದಿನದಿಂದಲೇ ಎಣಿಸಬೇಕು ಎಂಬುದು ಅವರ ಕೌಂಟರಿನ ಮೊದಲನೆಯ ನಿಯಮ.

ಹೆಂಡತಿಯ ಅಕ್ಕ ಇದ್ದದ್ದು ಪರದೇಶದಲ್ಲಿ. ಅಕ್ಕತಂಗಿಯರು ಮುಖ ನೋಡಿ ಹನ್ನೊಂದು ವರ್ಷವಾಗಿತ್ತು. ಆ ದೇಶದವರು, ಪ್ರವಾಸಿಗಳು ವೀಸಾ ಇಲ್ಲದೆಯೇ ಬರಬಹುದು, ಮೂವತ್ತು ದಿನ ಇದ್ದು ಹೋಗಬಹುದು ಎಂದು ಹೇಳಿದ್ದೇ ತಡ, ರಾಯರು ಆ ನಿಯಮಾವಳಿಯನ್ನು ಅಚ್ಚು ಹಾಕಿಸಿ, ಕೆಂಪು ಶಾಯಿಯಲ್ಲಿ ಗೆರೆ ಎಳೆದು, ಬೈಂಡ್ ಬೇರೆ ಮಾಡಿಸಿದರು.

ಎರಡನೇ ತಾರೀಖು ಸಂಜೆ ಏಳಕ್ಕೆ ವಿಮಾನ ಇಳಿಯಿತು. ಪಾಸ್‌ಪೋರ್ಟಿಗೆ ಮುದ್ರೆ ಬಿತ್ತು. ಅದನ್ನು ನೋಡಿದ ರಾಯರ ಮುಖ ಗಂಟಿಕ್ಕಿತು.

"ಬಂದ ತಾರೀಖು ಮಾತ್ರ ಹಾಕಿದಾರೆ ನೋಡೇ! ವಾಪಸ್ ತಾರೀಖೇ ಇಲ್ಲ! ನಮ್ಮ ಲೈಬ್ರರೀಲಿ ಹೀಗೆ ಮಾಡಿದ್ರೆ ಒಂದು ಪುಸ್ತಕಾನೂ ವಾಪಸ್ ಬರ್ತಿರಲಿಲ್ಲ!"

ಷಡ್ಡಕರ ಮನೆ ತಲುಪಿದವರೇ ಆ ಕೊರತೆಯನ್ನು ತಾವೇ ತುಂಬಿದರು. ಬ್ಯಾಗಿನಿಂದ ಲೈಬ್ರರಿಯ ಎರಡು ಚೀಟಿ ತೆಗೆದು, ಮೂವತ್ತೊಂದು ದಿನದ ಆ ತಿಂಗಳನ್ನು ಮೂರನೇ ತಾರೀಖಿನಿಂದ ಬೆರಳು ಮಡಿಸಿ ಎಣಿಸಿ, "ಹಿಂದಿರುಗಿಸಬೇಕಾದ ದಿನಾಂಕ: ಮುಂದಿನ ತಿಂಗಳು ಒಂದು" ಎಂದು ದುಂಡಗೆ ಬರೆದು, ಎರಡೂ ಪಾಸ್‌ಪೋರ್ಟಿನೊಳಗೆ ಸಿಕ್ಕಿಸಿದರು.

ಷಡ್ಡಕರು ಬೇಕರಿಯವರು. ಮಾತು ಕಡಿಮೆ. ಒಂದು ಬೆಳಿಗ್ಗೆ ಬ್ರೆಡ್ ಕೊಯ್ಯುತ್ತಾ ಮೆಲ್ಲಗೆ ಹೇಳಿದರು: "ಟಿಕೆಟ್ ಇಪ್ಪತ್ತೊಂಬತ್ತಕ್ಕೇ ಇದೆಯಲ್ವಾ? ಅದೇ ಒಳ್ಳೇದು ಬಿಡಿ. ಇಲ್ಲಿಯವರ ಲೆಕ್ಕ ಸ್ವಲ್ಪ ಬೇರೆ."

ರಾಯರಿಗೆ ಮೈಯೆಲ್ಲ ಉರಿಯಿತು. ರೂಮಿಗೆ ಬಂದು ಬಾಗಿಲು ಹಾಕಿಕೊಂಡರು.

"ಕೇಳಿಸ್ತಾ? ನಿಮ್ಮ ಭಾವ ನಮ್ಮನ್ನ ಯಾವಾಗ ಸಾಗಹಾಕೋಣ ಅಂತ ಕಾಯ್ತಿದಾನೆ!"

"ಅಯ್ಯೋ, ಒಳ್ಳೇದಕ್ಕೇ ಹೇಳಿದ್ದು ರೀ. ಒಂದ್ಸಲ ಯಾರನ್ನಾದ್ರೂ ಕೇಳಿ."

"ನಾನು ಕೇಳೋದಾ? ನನ್ನನ್ನ ಕೇಳ್ತಾರೆ ಜನ! ಸರ್ಕಾರ ಕೊಟ್ಟ ಮೂವತ್ತರಲ್ಲಿ ಒಂದು ದಿನಾನೂ ಬಿಡಲ್ಲ!"

ಅಂದೇ ಫೋನ್ ಮಾಡಿ ಟಿಕೆಟನ್ನು ಒಂದನೇ ತಾರೀಖಿಗೆ ಮುಂದೂಡಿಸಿದರು. ಅಕ್ಕನಿಗೇನೋ ಸಂತೋಷವೇ ಆಯಿತು. ಇನ್ನು ಮೂರು ತಿಂಗಳಿಗೆ ಅವರ ಮಂಡಿ ಆಪರೇಷನ್. ಷಡ್ಡಕರು ಬೇಕರಿ ಬಿಟ್ಟು ಕೂರುವ ಹಾಗಿರಲಿಲ್ಲ. "ನಾನು ಬಂದು ನೋಡ್ಕೋತೀನಿ ಅಕ್ಕ, ನೀನು ಧೈರ್ಯವಾಗಿರು" ಎಂದು ರಾಯರ ಹೆಂಡತಿ ಕೈ ಹಿಡಿದು ಮಾತು ಕೊಟ್ಟರು.

ಒಂದನೇ ತಾರೀಖು ಬೆಳಿಗ್ಗೆ ಒಂಬತ್ತಕ್ಕೆ ರಾಯರು ವಿಮಾನ ನಿಲ್ದಾಣದ ಪಾಸ್‌ಪೋರ್ಟ್ ತಪಾಸಣೆಯ ಕೌಂಟರಿನ ಮುಂದೆ ಎದೆಯುಬ್ಬಿಸಿ ನಿಂತರು. ಒಳಗಿದ್ದ ಅಧಿಕಾರಿಣಿ ಪಾಸ್‌ಪೋರ್ಟು ತಿರುವಿ, ಗಣಕ ನೋಡಿ, ಮತ್ತೆ ಪಾಸ್‌ಪೋರ್ಟು ತಿರುವಿದರು.

"ನಿಮ್ಮ ಅವಧಿ ನಿನ್ನೆಗೆ ಮುಗಿದಿದೆ."

"ಸಾಧ್ಯವೇ ಇಲ್ಲ!" ರಾಯರು ನಕ್ಕರು. "ಬಂದ ದಿನ ಲೆಕ್ಕಕ್ಕಿಲ್ಲ ಮೇಡಂ!"

"ಬಂದ ದಿನವೇ ಮೊದಲನೇ ದಿನ. ಸಂಜೆ ಏಳು ಗಂಟೆಗೆ ಬನ್ನಿ, ರಾತ್ರಿ ಹನ್ನೊಂದೂವರೆಗೆ ಬನ್ನಿ, ಅದು ಒಂದು ದಿನ. ಹೋಗೋ ದಿನವೂ ಅಷ್ಟೇ." ಅಷ್ಟರಲ್ಲಿ ಪುಟಗಳ ನಡುವಿನಿಂದ ಚೀಟಿ ಜಾರಿ ಬಿತ್ತು. "ಇದು ಯಾವ ಇಲಾಖೆಯದ್ದು?"

"ಅದು... ನನ್ನದೇ."

"ಅಂದ್ರೆ ಅವಧಿ ಮೀರಬೇಕು ಅಂತ ಮೊದಲೇ ಬರೆದಿಟ್ಕೊಂಡಿದ್ರಿ!"

ಅಧಿಕಾರಿಣಿ ಲೈನನ್ನು ಪಕ್ಕದ ಕೌಂಟರಿಗೆ ಕಳಿಸಿ, ನಿಧಾನವಾಗಿ ವಿವರಿಸಿದರು. ಅವಧಿ ಮೀರಿದವರಿಗೆ ಮುಂದಿನ ಸಲ ವೀಸಾ ಇಲ್ಲದ ಪ್ರವೇಶವಿಲ್ಲ. ಅರ್ಜಿ ಹಾಕಿ ವೀಸಾ ತರಬೇಕು, ಅದಕ್ಕೆ ಏಳೆಂಟು ತಿಂಗಳು.

"ನನಗೂನಾ?" ಎಂದರು ರಾಯರ ಹೆಂಡತಿ. "ಮೂರು ತಿಂಗಳಿಗೆ ನಮ್ಮಕ್ಕನ ಆಪರೇಷನ್ ಇದೆಯಮ್ಮಾ."

ಅಧಿಕಾರಿಣಿ ಒಂದು ಕಾಗದ ಮುಂದೆ ತಳ್ಳಿದರು. "ತಪ್ಪು ಯಾರದ್ದು, ಹೇಗಾಯ್ತು, ಬರೆದುಕೊಡಿ. ಇವರದ್ದಲ್ಲ ಅಂತಾದ್ರೆ ಇವರನ್ನ ಬಿಡೋ ಅಧಿಕಾರ ನನಗಿದೆ."

ಬರೆಯುವುದೆಂದರೆ ರಾಯರಿಗೆ ಹುರುಪು. ಪೆನ್ನಿನ ಮುಚ್ಚಳ ತೆಗೆದವರು ಒಂದೂವರೆ ಪುಟ ತುಂಬಿಸಿದರು. ದಿನಗಳನ್ನು ಎಣಿಸುವ ಶಾಸ್ತ್ರೀಯ ಪದ್ಧತಿ, ಮುದ್ರೆಯಲ್ಲಿ ವಾಪಸು ತಾರೀಖು ನಮೂದಿಸದ ಲೋಪ, ಆ ಬಗ್ಗೆ ಇಲಾಖೆ ಕೈಗೊಳ್ಳಬೇಕಾದ ಸುಧಾರಣೆ, ಎಲ್ಲವೂ ಅದರಲ್ಲಿತ್ತು!

ಅಧಿಕಾರಿಣಿ ಪೂರ್ತಿ ಓದಿದರು. "ಇದರ ಪ್ರಕಾರ ತಪ್ಪು ನಮ್ಮದು."

"ಒಂದು ರೀತೀಲಿ ನೋಡಿದ್ರೆ—"

"ರೀ!" ಹೆಂಡತಿ ತೋಳು ಹಿಡಿದರು. ಕಣ್ಣು ತುಂಬಿ ಬಂದಿತ್ತು. "ನಿಮ್ಮ ಶಾಸ್ತ್ರ ಸಾಕು. ಅಕ್ಕ ಮಂಚದಲ್ಲಿ ಒಬ್ಬಳೇ ಮಲಗಿರೋವಾಗ ನಾನು ಅವಳಿಗೆ ಏನಂತ ಹೇಳಲಿ? ಕೌಂಟರ್ ನಿಯಮ ಹೇಳಲಾ?"

ಮೈಕಿನಲ್ಲಿ ಅವರ ವಿಮಾನದ ಕರೆ ಬಂತು. ರಾಯರು ಹೆಂಡತಿಯ ಮುಖ ನೋಡಿದರು. ಇಷ್ಟು ವರ್ಷ ಕೌಂಟರಿನ ಆಚೆ ನಿಂತು "ಒಂದೇ ದಿನ ಅಲ್ವಾ ಸಾರ್" ಎಂದು ಗೋಗರೆದವರ ಪಾಡು ಮೊದಲ ಸಲ ಮನಸ್ಸಿಗೆ ತಟ್ಟಿತು. ಬಹಳ ನಾಚಿಕೆಯಾಯಿತು. ಇನ್ನೊಂದು ಹಾಳೆ ಕೇಳಿ ಪಡೆದು, ಹಲ್ಲು ಕಚ್ಚಿ, ಬೆವರು ಒರೆಸಿಕೊಂಡು ಮೂರೇ ಸಾಲು ಬರೆದರು:

"ತಪ್ಪು ನನ್ನದು. ಎಲ್ಲರೂ ಹೇಳಿದರೂ ನಾನು ಕೇಳಲಿಲ್ಲ. ನನ್ನ ಹೆಂಡತಿ ಹೇಳಿದ್ದೇ ಸರಿ."

ಒಂದೂವರೆ ಪುಟಕ್ಕಿಂತ ಆ ಮೂರು ಸಾಲಿಗೆ ಹೆಚ್ಚು ಹೊತ್ತು ಹಿಡಿಯಿತು.

ಅಧಿಕಾರಿಣಿ ಓದಿ, ಹೆಂಡತಿಯ ಪಾಸ್‌ಪೋರ್ಟಿಗೆ ಹೋಗುವ ಮುದ್ರೆ ಒತ್ತಿದರು. "ನೀವು ಯಾವಾಗ ಬೇಕಾದ್ರೂ ಬನ್ನಿ. ಇವರು ಮಾತ್ರ ವೀಸಾ ತಗೊಂಡೇ ಬರಬೇಕು." ಆಮೇಲೆ ಆ ಮೂರು ಸಾಲಿನ ಕಾಗದಕ್ಕೂ ದುಂಡನೆಯ ಸರ್ಕಾರಿ ಮುದ್ರೆ ಬಿತ್ತು. "ಇದರ ಪ್ರತಿ ಏನಾದ್ರೂ ಬೇಕಿತ್ತಾ?"

"ಬೇಡ, ಬೇಡ!" ಎಂದು ರಾಯರು ಎರಡೂ ಕೈ ಆಡಿಸಿದರು.

"ಎರಡು ಕೊಡಮ್ಮಾ," ಎಂದರು ಹೆಂಡತಿ, ಕಣ್ಣೊರೆಸಿಕೊಂಡು. "ಮದುವೆಯಾಗಿ ಇಪ್ಪತ್ತಾರು ವರ್ಷಕ್ಕೆ ಬರೆದುಕೊಟ್ಟಿದಾರೆ. ಒಂದಕ್ಕೆ ಗಾಜಿನ ಕಟ್ಟು ಹಾಕಿಸ್ತೀನಿ. ಇನ್ನೊಂದು ಅಕ್ಕನಿಗೆ. ಆಪರೇಷನ್ ಆದ್ಮೇಲೆ ನೋವು ಬಂದಾಗೆಲ್ಲ ಓದ್ಕೊಳ್ಳಲಿ!"