ಗ್ಯಾಸಿನ ಹತ್ತಿರ ಬೆಂಕಿ ಬ್ಯಾಡ್ರಿ ಎಂದರೆ

ಗ್ಯಾಸಿಗೆ ಬುದ್ಧಿಯಿಲ್ಲ, ಆದ್ದರಿಂದ ಅದು ಹೇಳಿದಂತೆ ಕೇಳುತ್ತದೆ. ಮನುಷ್ಯನಿಗೆ ಶಿವನು ಬುದ್ಧಿ ಕೊಟ್ಟಿದ್ದಾನೆ. ನಮ್ಮ ಕೆಲಸದ ತೊಂದರೆಗಳೆಲ್ಲ ಅಲ್ಲಿಂದಲೇ ಹುಟ್ಟುತ್ತವೆ. ನಾನು ಒಂದು ಊರಿನಲ್ಲಿ ಗ್ಯಾಸ್ ದೀಪ ಕೂಡಿಸಿ, ಜೀವಸಹಿತ ಹೊರಬಿದ್ದು, ಇನ್ನು ಇಂಥಾದ್ದು ಆಗಲಾರದು ಎಂದು ಉಸಿರು ಬಿಡುವುದರೊಳಗೆ ಮುಂದಿನ ಊರಿನವರು ಅದಕ್ಕಿಂತ ಹೆಚ್ಚಿನ ಬುದ್ಧಿ ಉಪಯೋಗಿಸಿರುತ್ತಾರೆ.

ನಾನು ನೇಸರಗಿ ಕಡೆಯವನು. ಹಳ್ಳಿಯ ಸಾಲಿಯಲ್ಲಿ ನಾಲ್ಕು ಇಯತ್ತೆ ಕಲಿತು, ಬೆಳಗಾವಿಯ ಒಂದು ಅಂಗಡಿಯವರ ಕೈಕೆಳಗೆ ಮಿಸ್ತ್ರಿಯಾದೆ. ಕೆಲಸವೆಂದರೆ ಇಷ್ಟು: ನೀರು ತುಂಬಿದ ಒಂದು ಕಬ್ಬಿಣದ ಹಂಡೆ, ಅದರೊಳಗೆ ಬೋರಲು ಹಾಕಿದ ಇನ್ನೊಂದು ಹಂಡೆ. ಪಕ್ಕದ ಪೆಟ್ಟಿಗೆಯಲ್ಲಿ ಸುಣ್ಣದ ಕಲ್ಲಿನಂಥ ಕಾರ್ಬೈಡ್ ಹರಳು. ಹರಳಿನ ಮೇಲೆ ಹನಿಹನಿಯಾಗಿ ನೀರು ಬಿದ್ದರೆ ಗ್ಯಾಸ್ ಹುಟ್ಟಿ ಬೋರಲು ಹಂಡೆ ಮೇಲಕ್ಕೇಳುತ್ತದೆ. ಅದಕ್ಕೊಂದು ಅಳತೆಪಟ್ಟಿ, ಗ್ಯಾಸ್ ಎಷ್ಟು ಕೂಡಿದೆ ಎಂಬುದು ಅದರ ಮೇಲೆ ತಿಳಿಯುತ್ತದೆ. ಅಲ್ಲಿಂದ ಕೊಳವೆಗಳು ಮನೆಯೊಳಗಿನ ದೀಪಗಳಿಗೆ ಹೋಗುತ್ತವೆ. ಆ ಹಂಡೆಯಿಂದ ಸೋರಿದ ಗ್ಯಾಸಿಗೆ ಒಂದು ಕಿಡಿ ತಾಕಿದರೆ ಮನೆ, ಮನೆಯವರು, ಮಿಸ್ತ್ರಿ ಎಲ್ಲರಿಗೂ ಒಮ್ಮೆಲೇ ಕೈಲಾಸ.

ನನ್ನನ್ನು ಮೊದಲ ಸಲ ಕಳಿಸುವಾಗ ಅಂಗಡಿಯ ಮಾಲಕರು ಹೇಳಿದ್ದು ಒಂದೇ ಮಾತು: "ಒಂದ ಮನಿ ಹಾರಿದ್ರೂ ನೀ ಹೊಳ್ಳಿ ಅಂಗಡಿಗೆ ಬರಬ್ಯಾಡ." ಮನೆ ಹಾರಿದ ಮೇಲೂ ನಾನು ಹೊಳ್ಳಿ ಬರಬಹುದೆಂದು ಅವರು ತಿಳಿದದ್ದು ಅವರ ದೊಡ್ಡ ಗುಣ. ಹೀಗಾಗಿ ನಾನು ದಿನಾಲು ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಶಿವನನ್ನು ಎರಡೇ ಬೇಡುತ್ತಿದ್ದೆ. ಒಂದು, ಗ್ಯಾಸ್ ಸೋರದಿರಲಿ. ಎರಡು, ಮನೆಯವರು ನನ್ನ ಸಹಾಯಕ್ಕೆ ಬರದಿರಲಿ. ಮೊದಲನೆಯದನ್ನು ಅವನು ಬಹಳ ಸಲ ನಡೆಸಿಕೊಟ್ಟಿದ್ದಾನೆ.

೧. ಬೈಲಹೊಂಗಲದ ಫಲಕ

ಬೈಲಹೊಂಗಲದ ಒಂದು ಹತ್ತಿ ಗಿರಣಿಯಲ್ಲಿ ದೀಪ ಕೂಡಿಸುವ ಕೆಲಸ. ಎಲ್ಲಿ ನೋಡಿದರೂ ಅರಳೆ. ಗಾಳಿಯಲ್ಲಿ ಅರಳೆ, ಮೀಸೆಯಲ್ಲಿ ಅರಳೆ, ಕುಡಿಯುವ ನೀರಿನಲ್ಲಿ ಅರಳೆ. ಗಿರಣಿಯ ದಿವಾನಜಿ ನನ್ನನ್ನು ಹತ್ತಿಯ ಅಂಡಿಗೆ ಒಟ್ಟಿದ ಕೋಣೆಗೆ ಕರೆದೊಯ್ದು, "ಮಿಸ್ತ್ರಿ, ಹಂಡೆ ಇಲ್ಲೇ ಕೂಡಸ್ರಿ. ಹೊರಗ ಇಟ್ರ ಕಳ್ಳರು ಒಯ್ತಾರ" ಎಂದರು.

"ಒಳಗಿಟ್ರ ಕಳ್ಳರು ಒಯ್ಯೂದಿಲ್ಲ ಖರೆರಿ. ಬೆಂಕಿ ಒಯ್ತೈತಿ."

ಅರ್ಧ ದಿನ ವಾದ ಮಾಡಿದ ಮೇಲೆ ಹಂಡೆಯನ್ನು ಅಂಗಳದ ಕಡೆಯ ತುದಿಯಲ್ಲಿ, ಒಂದು ತಟ್ಟಿಯ ಗುಡಿಸಲಿನಲ್ಲಿ ಕೂಡಿಸಿದೆ. "ಇಲ್ಲಿ ಬೆಂಕಿ ತರಬಾರದು" ಎಂದು ಗೇಣುದ್ದದ ಅಕ್ಷರದಲ್ಲಿ ಬರೆದ ಫಲಕವನ್ನು ಬಾಗಿಲ ಮೇಲೆ ಜಡಿದೆ. ಅದನ್ನು ಕಾಯಲು ಒಬ್ಬ ಮುದುಕ ಕಾವಲುಗಾರನನ್ನು ನೇಮಿಸಿದರು. ಬಹಳ ನಿಷ್ಠೆಯ ಮನುಷ್ಯ.

ಎಂಟು ದಿನ ಬಿಟ್ಟು ಹೊತ್ತು ಮುಳುಗುವಾಗ ನೋಡಲು ಹೋದರೆ ಫಲಕದ ಕೆಳಗೆ ಸರಿಯಾಗಿ ಒಂದು ಕಂದೀಲು ಉರಿಯುತ್ತ ತೂಗುತ್ತಿದೆ!

"ಅಜ್ಜಾ, ಇದೇನಿದು?"

"ಹಗಲಿ ಫಲಕ ಎಲ್ಲಾರಿಗೂ ಕಾಣತೈತ್ರಿ. ಹೊತ್ತು ಮುಣಗಿದ ಮ್ಯಾಲೆ ಯಾರಿಗೆ ಕಾಣಬೇಕು? ಕತ್ತಲಾಗ ಯಾವನರ ಬೀಡಿ ಹಚಗೊಂಡು ಬಂದ್ರ?"

"ಫಲಕದ ಮ್ಯಾಲೆ ಏನು ಬರದೈತಿ, ಗೊತ್ತೈತೇನು?"

"ನನಗೆಲ್ಲಿ ಓದಾಕ ಬರತೈತ್ರಿ? ನಾ ಬೆಳಕು ತೋರಸಾಂವ, ಓದೂದು ಓದಾವ್ರ ಕೆಲಸ."

ದೂರು ಹೇಳಲು ದಿವಾನಜಿಯವರ ಕಡೆಗೆ ಓಡಿದೆ. ಅವರು ಓದಿದವರು. ನನ್ನ ಮಾತನ್ನು ಪೂರ್ತಿ ಕೇಳಿ, ತಲೆಯಾಡಿಸಿ, "ಹೌದು, ಒಂದ ಕಂದೀಲು ಸಾಲೂದಿಲ್ಲ. ಹಿಂದಿನ ಬಾಗಲಕ್ಕೂ ಒಂದು ಮಂಜೂರ ಮಾಡೇನಿ" ಎಂದರು.

೨. ಕಿತ್ತೂರಿನ ಅಭ್ಯಂಜನ

ಕೊಳವೆ ಜೋಡಿಸಿದ ಮೇಲೆ ಎಲ್ಲಾದರೂ ಸೋರುತ್ತದೆಯೋ ಎಂದು ನೋಡಬೇಕು. ಅದಕ್ಕೆ ಸಾಬಾಣದ ನೊರೆಯನ್ನು ಕೊಳವೆ ಕೂಡುವ ಪ್ರತಿಯೊಂದು ಗಂಟಿಗೂ ಹಚ್ಚುವುದು. ಗುಳ್ಳೆ ಎದ್ದರೆ ಅಲ್ಲಿ ಸೋರುತ್ತದೆ ಎಂದು ಅರ್ಥ. ಕಿತ್ತೂರಿನಲ್ಲಿ ಮಡಿವಂತರ ಒಂದು ಮನೆ. ನಾನು ಸಾಬಾಣದ ಬಟ್ಟಲು ಹಿಡಿದದ್ದೇ ತಡ, ಮನೆಯ ಹಿರಿಯ ಯಜಮಾನರು ಅಡ್ಡ ಬಂದರು.

"ಸಾಬಾಣದಾಗ ಚರಬಿ ಇರತೈತಿ. ಅದನ್ನ ದೇವರ ಮನಿ ಗ್ವಾಡಿಗೆ ಹಚ್ಚತೀರೇನು? ಮನೀ ಮೈಲಿಗಿ ಆಕ್ಕೈತಿ!"

"ಹಂಗಾದ್ರ ಸೋರೂದು ಹೆಂಗ ನೋಡೂದ್ರಿ?"

"ಕಡ್ಡಿ ಕೊರದ ನೋಡ್ರಿ. ಅಗ್ನಿಯಷ್ಟು ಪವಿತ್ರ ಮತ್ತೊಂದೈತೇನು?" ಎಂದು ಅವರು ಕಡ್ಡಿಪೆಟ್ಟಿಗೆಯನ್ನು ತೆಗೆದೇಬಿಟ್ಟರು.

ನಾನು ಅವರ ಎರಡೂ ಕೈ ಹಿಡಿದುಕೊಂಡೆ. "ಯಜಮಾನ್ರ, ಸಾಬಾಣ ಹಚ್ಚಿದ್ರ ಮನಿ ಮೈಲಿಗಿ ಆದೀತು. ಕಡ್ಡಿ ಕೊರದ್ರ ಮೈಲಿಗಿ ಆಗಾಕ ಮನೀನ ಇರೂದಿಲ್ಲರಿ!"

ಕೊನೆಗೆ ಅವರ ಮುದಿ ತಾಯಿ ಒಳಗಿನಿಂದ ಒಂದು ಬೋಗುಣಿ ತುಂಬ ಅಂಟವಾಳಕಾಯಿ ಕಿವುಚಿ ನೊರೆ ಮಾಡಿ ತಂದರು. ಆ ನೊರೆ ಸಾಬಾಣಕ್ಕಿಂತ ಛಲೋ ಗುಳ್ಳೆ ಎಬ್ಬಿಸಿತು. ಎರಡು ಕಡೆ ಸೋರುತ್ತಿತ್ತು, ಬಿಗಿದೆ. ಇಡೀ ಕೊಳವೆಗೆ ಅಜ್ಜಿ ತಾವೇ ಮುಂದೆ ನಿಂತು ನೊರೆ ಹಚ್ಚಿಸಿ, ಬಿಸಿನೀರಿನಲ್ಲಿ ತೊಳೆಸಿದರು. ಅದೇ ಹೊತ್ತಿಗೆ ಪಡಸಾಲೆಯಲ್ಲಿ ಕೂತಿದ್ದ ಆ ಮನೆಯ ಅಳಿಯ ನನ್ನನ್ನು ಹತ್ತಿರ ಕರೆದು ಮೆಲ್ಲಗೆ ಹೇಳಿದ: "ಮಿಸ್ತ್ರಿ, ಮದುವಿಯಾಗಿ ಆರು ವರ್ಷಾತು. ಒಂದ ದೀಪಾವಳಿಗೂ ನನಗ ಇಷ್ಟ ಕಾಳಜೀಲೆ ಎರದಿಲ್ಲರಿ ಇವರು."

೩. ಸವದತ್ತಿಯ ಬಳ್ಳೊಳ್ಳಿ

ಕಾರ್ಬೈಡ್ ಗ್ಯಾಸಿಗೆ ಬಳ್ಳೊಳ್ಳಿಯ ವಾಸನೆ. ಇದು ದೇವರು ಮಾಡಿದ ಉಪಕಾರ. ಸೋರಿದರೆ ಮೂಗಿಗೆ ತಿಳಿಯುತ್ತದೆ. ಆದರೆ ಮೂಗಿನ ಹಿಂದೆ ಒಂದು ತಲೆ ಇರುತ್ತದೆ, ಅದನ್ನು ಏನು ಮಾಡುವುದು?

ಸವದತ್ತಿಯಲ್ಲಿ ಒಂದು ವ್ಯಾಪಾರಸ್ಥರ ಮನೆ. ಶ್ರಾವಣಮಾಸದಲ್ಲಿ ಅವರಲ್ಲಿ ಉಳ್ಳಾಗಡ್ಡಿ, ಬಳ್ಳೊಳ್ಳಿ ಹೊಸ್ತಿಲು ದಾಟುವಂತಿಲ್ಲ. ದೀಪ ಕೂಡಿಸಿ ಹದಿನೈದು ದಿನವಾಗಿತ್ತು. ಅಳತೆಪಟ್ಟಿ ನೋಡಿಕೊಂಡು ಬರೋಣವೆಂದು ಹೋದೆ. ಹಂಡೆಯಲ್ಲಿನ ಗ್ಯಾಸ್ ದೀಪ ಹಚ್ಚದೆಯೇ ಇಳಿಯುತ್ತಿತ್ತು. ಒಳಗಿನಿಂದ ಅತ್ತೆಯ ದನಿ ಕೇಳಿ ಬರುತ್ತಿತ್ತು.

"ಕದ್ದ ಬಳ್ಳೊಳ್ಳಿ ತಿನ್ನಾಕಿ! ಹದಿನೈದು ದಿನಾತು, ಮನಿ ತುಂಬಾ ನಾರಾಕ ಹತ್ತೈತಿ. ನಿಮ್ಮ ತವರಮನ್ಯಾಗ ಇದನ್ನ ಕಲಿಸ್ಯಾರೇನ?"

"ಯವ್ವನ ಆಣಿ, ನಾ ಮುಟ್ಟಿಲ್ಲರಿ ಅತ್ತಿ" ಎಂದು ಸೊಸೆ ಅಳುತ್ತಿದ್ದಳು. ಹದಿನೈದು ದಿನ ಆ ಮನೆಯವರೆಲ್ಲ ಸೇರಿ ಆಕೆಯ ಗಂಟು, ಪೆಟ್ಟಿಗೆ, ಹಾಸಿಗೆಯ ಕೆಳಗೆಲ್ಲ ಹುಡುಕಿದ್ದರಂತೆ. ಮೇಲೆ ಕೊಳವೆಯ ಕಡೆಗೆ ಮಾತ್ರ ಯಾರೂ ತಲೆ ಎತ್ತಿರಲಿಲ್ಲ.

ನಾನು ಹಿತ್ತಲಿಗೆ ಓಡಿ ಗ್ಯಾಸಿನ ತೋಟಿ ತಿರುವಿ ಬಂದ್ ಮಾಡಿ, ಬಾಗಿಲು ಕಿಟಕಿಗಳನ್ನೆಲ್ಲ ತೆರೆಯಿಸಿದೆ. ನೋಡಿದರೆ, ಅಡಿಗೆಮನೆಯ ಪಕ್ಕದ ಕೋಣೆಯಲ್ಲಿ ನನ್ನ ಕೊಳವೆಗೆ ಯಾರೋ ನೆಲುವು ಕಟ್ಟಿ, ಅದರಲ್ಲಿ ತುಪ್ಪದ ಗಡಿಗೆ ಇಟ್ಟಿದ್ದಾರೆ. ಭಾರಕ್ಕೆ ಗಂಟು ಸಡಿಲಾಗಿ ಗ್ಯಾಸ್ ಸೋರುತ್ತಿದೆ. ಐದು ಹೆಜ್ಜೆ ಆಚೆಗೆ ಒಲೆ.

"ಇದನ್ನ ಯಾರು ಕಟ್ಯಾರರಿ?"

ಅತ್ತೆ ಗತ್ತಿನಿಂದಲೇ ಹೇಳಿದರು. "ನಾನ ಕಟ್ಟೇನಿ. ಸೊಸಿ ಕೈಗೆ ನಿಲಕಬಾರದಂತ."

"ವಾಸನಿ ಇಲ್ಲಿಂದರಿ ಯವ್ವಾ. ಇದು ಗ್ಯಾಸು. ಅಕಿ ಬಳ್ಳೊಳ್ಳಿ ತಿಂದಿಲ್ಲ. ಇನ್ನೊಂದೆರಡು ದಿನ ಬಿಟ್ಟಿದ್ರ ಮನಿ ಹಾರತಿತ್ತು."

ಸೊಸೆ ನನಗೆ ಕೈ ಮುಗಿದಳು. ಅತ್ತೆಗೆ ಮನೆ ಉಳಿದದ್ದು ಅಷ್ಟು ದೊಡ್ಡ ಮಾತಾಗಲಿಲ್ಲ. ಹದಿನೈದು ದಿನ ಬೆಳೆಸಿದ ಜಗಳ ಹೀಗೆ ಒಮ್ಮೆಲೇ ಹಾಳಾದರೆ ಯಾರಿಗೆ ಸಂಕಟವಾಗುವುದಿಲ್ಲ? ಗಂಟು ಬಿಗಿದು ಹೊರಟಾಗ ನನ್ನನ್ನು ಬಾಗಿಲಲ್ಲಿ ನಿಲ್ಲಿಸಿ ಬೇಡಿಕೊಂಡರು: "ಇನ್ನೊಮ್ಮೆ ಛಲೋತ್ನಂಗ ಮೂಸಿ ನೋಡ್ರಿ ಮಿಸ್ತ್ರಿ. ಒಂದೀಟರ ಬಳ್ಳೊಳ್ಳಿ ಇರಾಕಬೇಕು."

೪. ಕಟಕೋಳದ ಶನಿ

ಕಟಕೋಳದ ಗೌಡರಿಗೆ ಕಬ್ಬಿಣ ಆಗದು. "ಕಬ್ಬಿಣ ಅಂದ್ರ ಶನಿ. ನನಗ ಮೊದಲ ಸಾಡೇಸಾತಿ ನಡದೈತಿ" ಎಂದು, ನಾನು ಎರಡು ದಿನ ಊರಿಗೆ ಹೋದಾಗ ಕಂಚಗಾರನನ್ನು ಕರೆಸಿ, ಕಬ್ಬಿಣದ ಕೊಳವೆ ಕಿತ್ತು ತಾಮ್ರದ್ದು ಹಾಕಿಸಿಬಿಟ್ಟಿದ್ದರು. ಫಳಫಳ ಹೊಳೆಯುತ್ತಿತ್ತು.

"ಗೌಡ್ರ, ಈ ಗ್ಯಾಸಿಗೆ ತಾಮ್ರ ಕೂಡೂದಿಲ್ಲರಿ. ಒಳಗ ಒಂದ ನಮೂನಿ ಹುಡಿ ಕಟ್ಟತೈತಿ. ಮುಂದ ಯಾರರ ಕೊಳವಿ ಬಡದ್ರ ಢಂ ಅಂತ ಸಿಡೀತೈತಿ."

"ದೇವರ ತಂಬಿಗಿ ತಾಮ್ರ, ಉದ್ಧರಣಿ ತಾಮ್ರ. ದೇವರಿಗೆ ಕೂಡೂದು ನಿನ್ನ ಗ್ಯಾಸಿಗೆ ಕೂಡೂದಿಲ್ಲೇನ?"

ನಾನು ಸಾವಕಾಶವಾಗಿ ಹೇಳಿದೆ: "ಶನಿ ಏಳೂವರಿ ವರ್ಷ ಕಾಡಿ ಬಿಡತಾನರಿ. ಇದು ಏಳೂವರಿ ನಿಮಿಷ ಸೈತ ಕಾಡೂದಿಲ್ಲ, ಒಮ್ಮೆ ಒಯ್ತೈತಿ."

ಗೌಡರು ಬಹಳ ಹೊತ್ತು ಬೆರಳು ಮಡಚಿ ಎಣಿಸಿದರು. ಆಮೇಲೆ ಕಂಚಗಾರನ ಕಡೆಗೆ ತಿರುಗಿ, "ಕಿತ್ತಿ ತಗೀಪಾ. ನಂದು ಇನ್ನ ಎರಡ ವರ್ಷ ಉಳದೈತಿ, ಶನಿ ಜೋಡಿ ಹೆಂಗರ ಬಾಳೇವು ಮಾಡತೇನಿ" ಎಂದರು.

೫. ರಾಮದುರ್ಗದ ಅಭಿಷೇಕ

ರಾಮದುರ್ಗದ ಸೀರೆ ವ್ಯಾಪಾರಿಯೊಬ್ಬರು ದೊಡ್ಡ ಮನೆಗೆ ಹನ್ನೆರಡು ದೀಪ ಹಾಕಿಸಿದರು. ಹಂಡೆಯನ್ನು ಹಿತ್ತಲಿನ ಚಪ್ಪರದಲ್ಲಿ ಕೂಡಿಸಿ, ಪೆಟ್ಟಿಗೆಗೆ ಹರಳು ತುಂಬಿ, ಸಂಜೆಗೆ ದೀಪ ಹಚ್ಚುವುದೆಂದು ಗೊತ್ತು ಮಾಡಿದೆ. ಸಂಜೆ ಹಿತ್ತಲಿಗೆ ಹೋದರೆ ಅರ್ಧ ಓಣಿ ಅಲ್ಲಿದೆ. ಪೂಜೆ ಮಾಡಿಸುವ ಅಯ್ಯನವರು ಬಂದಿದ್ದಾರೆ. ಹಂಡೆಗೆ ಹೂವಿನ ಮಾಲೆ, ಅಳತೆಪಟ್ಟಿಗೆ ಕುಂಕುಮ. ತಟ್ಟೆಯಲ್ಲಿ ಮುಷ್ಟಿ ಕರ್ಪೂರ.

"ಸಾಹುಕಾರ್ರ, ಆರತಿ ಮಾತ್ರ ಬ್ಯಾಡ್ರಿ. ಇದರ ಹತ್ತರ ಬೆಂಕಿ ಬಂದ್ರ ನಾವ್ಯಾರೂ ಉಳಿಯೂದಿಲ್ಲ."

ಎಲ್ಲರ ಮುಖ ಬಾಡಿತು. ಸಾಹುಕಾರರ ಹೆಂಡತಿ ಮುಂದೆ ಬಂದರು. "ಎತ್ತಿಗೆ ಪೂಜಿ ಮಾಡತೇವಿ, ಮಗ್ಗಕ್ಕ ಮಾಡತೇವಿ, ತಕ್ಕಡಿಗೆ ಮಾಡತೇವಿ. ಇದಕ್ಕ ಆರತಿ ಇಲ್ಲಂದ್ರ ಹೆಂಗ? ಹಣಿ ಮ್ಯಾಲೆ ವಿಭೂತಿ ಹಚಗೊಂಡ ನೀವರ ಇಂಥಾ ಮಾತ ಆಡೂದೇನ್ರಿ?"

ಈ ಮಾತು ನನಗೆ ನಟ್ಟಿತು. ಪೂಜೆ ಬೇಡವೆನ್ನಲು ನನಗೂ ನಾಲಗೆ ಏಳದು. ಜೀವವೂ ಉಳಿಯಬೇಕು, ಪೂಜೆಯೂ ಆಗಬೇಕು. ಯೋಚಿಸಿ, ಬಹಳ ಜಾಣನೆಂದು ತಿಳಿದುಕೊಂಡು ಹೇಳಿದೆ: "ಪೂಜಿ ಮಾಡ್ರಿ. ಆದ್ರ ಈ ದೇವರು ನೀರಿನ ದೇವರು. ಅಭಿಷೇಕ ಅಷ್ಟ ಸಾಕು. ಹಂಡೆ ಮ್ಯಾಲೆ ನಾಕ ಹನಿ ನೀರ ಹಾಕ್ರಿ. ದೀಪ, ಊದಿನಕಡ್ಡಿ ಎಲ್ಲಾ ಹಿತ್ತಲ ಬಾಗಲದಾಗ, ಹತ್ತು ಮಾರು ದೂರ ಇರಲಿ."

ಎಲ್ಲರೂ ಒಪ್ಪಿದರು. ಒಪ್ಪಿದ ಮೇಲೆ ಮೊದಲು ಊದಿನಕಡ್ಡಿ ಎರಡು ಮಾರು ಮುಂದೆ ಬಂತು, ಗಾಳಿಗೆ ಆರುತ್ತದೆಂದು. ಆಮೇಲೆ ಐದು ಬತ್ತಿಯ ಎರಡು ಸಮೆ ದೀಪಗಳು ಬಂದವು, ಅಯ್ಯನವರಿಗೆ ಮಂತ್ರದ ಪುಸ್ತಕ ಕಾಣುವುದಿಲ್ಲವೆಂದು. ಅವುಗಳ ಹಿಂದೆ ಆರತಿ ತಟ್ಟೆ ಹಿಡಿದ ಮುತ್ತೈದೆಯರು, ಹಿಂದೆ ನಿಂತರೆ ದೇವರು ಕಾಣುವುದಿಲ್ಲವೆಂದು. ನಾನು ಒಬ್ಬೊಬ್ಬರನ್ನೇ ಕೈ ಮುಗಿದು ಹಿಂದೆ ಸರಿಸುತ್ತಿರುವಾಗ ಅಯ್ಯನವರು ಪೆಟ್ಟಿಗೆಯ ಕಡೆಗೆ ನೋಡಿದರು. ಹರಳಿನ ಮೇಲೆ ತೂಗುವ ನೀರಿನ ಪಾತ್ರೆ, ಅದರಿಂದ ಹನಿ ಹನಿ ಬೀಳುವ ನೀರು. ಅವರ ಕಣ್ಣಲ್ಲಿ ನೀರು ಬಂತು.

"ಇದು ಲಿಂಗದ ಮ್ಯಾಲಿನ ಧಾರಾಪಾತ್ರಿ ಅಲ್ಲೇನ್ರೋ! ಮಿಸ್ತ್ರಿ ಹೇಳಿದ್ದು ಖರೆ. ಆದ್ರ ಇಂಥಾ ದಿವಸ ಹನಿಹನಿ ಬಿಡೂದೇನು ಜಿಪುಣತನಾ? ಧಾರಿ ಬಿಡಬೇಕು" ಎಂದು ಆ ಪಾತ್ರೆಯ ತೋಟಿಯನ್ನು ಪೂರ್ತಿ ತಿರುವಿಬಿಟ್ಟರು.

ಪೆಟ್ಟಿಗೆಯೊಳಗೆ ಭುಸ್ಸೆಂದು ಸದ್ದಾಯಿತು. ಬೋರಲು ಹಂಡೆ, ಹೂವಿನ ಮಾಲೆಸಹಿತ, ಸಾವಕಾಶ ಮೇಲಕ್ಕೆ ಏಳತೊಡಗಿತು.

"ಎದ್ದ! ದೇವರು ಎದ್ದ!" ಎಂದು ಸಾಹುಕಾರರು ಉದ್ದಕ್ಕೆ ಅಡ್ಡಬಿದ್ದರು. ಹೆಂಗಸರು ಆರತಿ ಎತ್ತಿ ಮುಂದೆ ನುಗ್ಗಿದರು. ಅಳತೆಪಟ್ಟಿಯ ಕುಂಕುಮ ಏಳರ ಗೆರೆ ದಾಟಿತು, ಕಡೆಯ ಗೆರೆಯಾದ ಎಂಟನ್ನೂ ದಾಟಿತು. ನಾನು ಹಾರಿ ಹೋಗಿ ತೋಟಿ ಮುಚ್ಚಿದೆ. ಆದರೆ ನೆನೆದ ಹರಳು ನನ್ನ ಮಾತು ಕೇಳುತ್ತದೆಯೇ? ಹಂಡೆಯ ಅಂಚಿನಿಂದ ಗುಳುಗುಳು ಗುಳ್ಳೆ ಎದ್ದು ಗ್ಯಾಸ್ ಹೊರಬಂದು, ಬಳ್ಳೊಳ್ಳಿಯ ವಾಸನೆ ಹಿತ್ತಲು ತುಂಬಿತು. ಎದುರಿಗೆ ಹತ್ತು ಬತ್ತಿ, ನಾಲ್ಕು ಆರತಿ, ನಲವತ್ತು ಜನ.

"ದೀಪ ಹಿಂದಕ್ಕ ಒಯ್ರಿ!" ಎಂದು ಕೂಗಿದೆ. ನನ್ನ ಕೂಗು ಗಂಟೆ ಜಾಗಟೆಯ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ. ಬಾಯಿಯಿಂದ ಊದಿ ದೀಪ ಆರಿಸುವುದು ಎಂಥ ಪಾಪವೆಂದು ನನ್ನ ತಾಯಿ ತೊಟ್ಟಿಲಿನಿಂದಲೇ ಹೇಳಿಕೊಟ್ಟಿದ್ದಾಳೆ. ಹೂವಿನಿಂದ ಮೆಲ್ಲಗೆ ಶಾಂತ ಮಾಡಬೇಕು. ಆ ಹೊತ್ತಿಗೆ ಹೂವು ಹುಡುಕುವ ಪುಣ್ಯ ನನಗಿರಲಿಲ್ಲ. "ಶಿವಾ, ತಪ್ಪು ನಿನ್ನ ಹೊಟ್ಟೆಗೆ ಹಾಕಿಕೋ" ಎಂದು ಎರಡು ಸಮೆಯ ಹತ್ತು ಬತ್ತಿಗಳನ್ನೂ ಫೂ ಫೂ ಎಂದು ಊದಿಬಿಟ್ಟೆ. ಮುತ್ತೈದೆಯರ ಆರತಿಗಳನ್ನೂ ಅವರ ಕೈಯಲ್ಲಿರುವಾಗಲೇ ಊದಿದೆ. ಪೂಜೆಗೆ ಇಟ್ಟ ಕುಂಭದ ನೀರನ್ನು ಊದಿನಕಡ್ಡಿಯ ಮೇಲೆ ಸುರುವಿದೆ. ಬಾಗಿಲಲ್ಲಿದ್ದ ಕಂದೀಲನ್ನೂ ಬಿಡಲಿಲ್ಲ. ಜಾಗಟೆ ನಿಂತಿತು. ಗವ್ವೆನ್ನುವ ಕತ್ತಲು. ಆಗ ಎಲ್ಲರಿಗೂ ನನ್ನ ಕೂಗು ಕೇಳಿಸಿತು. ಕೈ ಕೈ ಹಿಡಿದು, ತಡವರಿಸಿ, ಎಲ್ಲರೂ ಓಣಿಗೆ ಬಂದರು. ಗಾಳಿಗೆ ವಾಸನೆ ಹೋಗುವವರೆಗೆ ನಲವತ್ತು ಜನ ಬಾಗಿಲ ಮುಂದೆ ಕತ್ತಲಲ್ಲಿ ನಿಂತರು. ಒಬ್ಬರಿಗೂ ಕೂದಲು ಕೊಂಕಲಿಲ್ಲ.

ನಾನು ಗೋಡೆಗೆ ಒರಗಿ, ಎಲ್ಲರ ಜೀವ ಉಳಿಯಿತು, ಯಾರಾದರೂ ಒಂದು ಒಳ್ಳೆಯ ಮಾತು ಆಡಿಯಾರು ಎಂದು ಕಾಯುತ್ತಿದ್ದೆ. ಕತ್ತಲಲ್ಲಿ ಸಾಹುಕಾರರ ಹೆಂಡತಿಯ ದನಿ ಕೇಳಿಸಿತು. ಪಕ್ಕದ ಮನೆಯಾಕೆಗೆ ಹೇಳುತ್ತಿದ್ದರು:

"ಹನ್ನೆರಡು ದೀಪಾ ಹಚ್ಚತೇನಿ ಅಂತ ಬೆಳಗಾವಿಯಿಂದ ಬಂದಾನಬೇ ಯವ್ವಾ. ಮನ್ಯಾಗ ಇದ್ದ ಒಂದ ದೀಪಾನೂ ಉಳಸಲಿಲ್ಲ."